ನ್ಯಾಟ್ ಕಿಂಗ್ ಕೋಲನ ಪಿಯಾನೊ

ರಾಜರ ಚರಿತ್ರೆಯಲ್ಲಿ ಯುದ್ಧಗಳಿರುತ್ತವೆ, ವಿಜ್ಞಾನಿಗಳ ಚರಿತ್ರೆಯಲ್ಲಿ ಶೋಧನೆಗಳಿರುತ್ತವೆ. ಆದುದರಿಂದ ಅವನ್ನು ಬರೆಯುವುದೂ ಓದುವುದೂ ಸುಲಭ. ಸಂಗೀತಗಾರನ ಚರಿತ್ರೆಯಲ್ಲಿ ಮುಖ್ಯವಾಗಿರುವುದು ನಾದ. ಅದನ್ನು ಕಾಗದದ ಮೇಲೆ ಕೇಳಿಸಲು ಯಾರಿಂದಲೂ ಆಗದು. ಹೀಗಿದ್ದರೂ ಈ ವರ್ಷದ ಸಂಚಿಕೆಗೆ ನಾವು ಅಮೆರಿಕದ ಸಂಗೀತಗಾರ ನ್ಯಾಟ್ ಕಿಂಗ್ ಕೋಲನ ಬಾಳನ್ನು ಆರಿಸಿಕೊಂಡಿದ್ದೇವೆ.

ಜಗತ್ತು ಈತನನ್ನು ಗಾಯಕನೆಂದೇ ಬಲ್ಲದು. ಆದರೆ ಹಾಡಿನ ಕೀರ್ತಿ ಬರುವುದಕ್ಕೆ ಬಹು ಮುಂಚೆಯೇ ಈತನು ಪಿಯಾನೊ ವಾದಕನಾಗಿದ್ದನು. ಬಲ್ಲವರ ಎಣಿಕೆಯಲ್ಲಿ ತನ್ನ ಕಾಲದ ಅತ್ಯುತ್ತಮ ವಾದಕರಲ್ಲಿ ಒಬ್ಬನಾಗಿದ್ದನು. 1955ರಲ್ಲಿ, ಗಾಯಕನಾಗಿ ಕೀರ್ತಿಯ ಶಿಖರದಲ್ಲಿದ್ದಾಗ, ಈತನು ಒಂದು ಇಡೀ ಗ್ರಾಮಫೋನ್ ತಟ್ಟೆಗಾಗಿ ಹಾಡುವುದನ್ನು ನಿಲ್ಲಿಸಿ, ಪಿಯಾನೊ ಒಂದನ್ನೇ ನುಡಿಸಿದನು. ಸುತ್ತಲೂ ಪಿಟೀಲುಗಳ ದೊಡ್ಡ ಮೇಳವಿತ್ತು. 'ದಿ ಪಿಯಾನೊ ಸ್ಟೈಲ್ ಆಫ್ ನ್ಯಾಟ್ ಕಿಂಗ್ ಕೋಲ್' ಎಂಬುದು ಆ ತಟ್ಟೆಯ ಹೆಸರು. ಅದನ್ನು ಕೇಳಿದವರಿಗೆ, ಇಷ್ಟು ಮೃದುವಾಗಿ ನುಡಿಸಿದವನ ಬಾಳು ಬೆಳದಿಂಗಳಲ್ಲಿ ದೋಣಿ ಸಾಗಿದಂತೆ ಸುಖವಾಗಿ ಸಾಗಿರಬೇಕೆಂದು ತೋರುತ್ತದೆ. ನಡೆದುದು ಬೇರೆ. ಅಂತಹ ಒರಟು ದಿನಗಳ ನಡುವೆ ಇಂತಹ ಮೃದು ಸಂಗೀತ ಹೇಗೆ ಉಳಿಯಿತೆಂಬುದನ್ನು ನಮ್ಮ ಓದುಗರಿಗೆ ತಿಳಿಸಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ನ್ಯಾಟ್ ಹುಟ್ಟಿದುದು 1919ನೆಯ ಇಸವಿ ಮಾರ್ಚ್ 17ರಂದು, ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ಸಂಸ್ಥಾನದ ಮಾಂಟ್ಗೊಮರಿ ಎಂಬ ಊರಿನಲ್ಲಿ. ತಂದೆತಾಯಿಗಳು ಇಟ್ಟ ಹೆಸರು ನಥಾನಿಯಲ್ ಆಡಮ್ಸ್ ಕೋಲ್ಸ್. ಅವರು ಆಫ್ರಿಕ ಮೂಲದ ಕಪ್ಪು ಜನಾಂಗದವರು. ಗುಲಾಮಗಿರಿಯು ಕಾನೂನಿನಿಂದ ಅಳಿದು ಅರ್ಧ ಶತಮಾನ ಕಳೆದಿದ್ದರೂ, ಆ ಸೀಮೆಯಲ್ಲಿ ಕಪ್ಪು ಜನರಿಗೆ ಶಾಲೆ ಬೇರೆ, ರೈಲಿನಲ್ಲಿ ಕುಳಿತುಕೊಳ್ಳುವ ಸ್ಥಳ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಕೆರೆಯ ನೀರನ್ನು ಮುಟ್ಟಬಾರದೆಂದು ಮನುಷ್ಯರನ್ನು ದೂರವಿಟ್ಟ ಪಾಪ ನಮ್ಮ ನಾಡಿನದೂ ಆಗಿರುವುದರಿಂದ, ಅಲ್ಲಿಯ ಬಾಳು ಹೇಗಿತ್ತೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಗುವಿಗೆ ನಾಲ್ಕು ವರ್ಷ ತುಂಬಿದಾಗ ಕುಟುಂಬವು ಉತ್ತರದ ಶಿಕಾಗೊ ನಗರಕ್ಕೆ ವಲಸೆ ಹೋಯಿತು. ದಕ್ಷಿಣದ ಹೊಲಗಳನ್ನೂ ಅವಮಾನಗಳನ್ನೂ ಬಿಟ್ಟು ಲಕ್ಷಾಂತರ ಮಂದಿ ಕಪ್ಪು ಜನರು ಉತ್ತರದ ಕೈಗಾರಿಕಾ ನಗರಗಳಿಗೆ ಬರುತ್ತಿದ್ದ ಕಾಲವದು. ತಂದೆ ಎಡ್ವರ್ಡ್ ಅಲ್ಲಿ ಬ್ಯಾಪ್ಟಿಸ್ಟ್ ಪಂಥದ ಧರ್ಮೋಪದೇಶಕನಾದನು. ತಾಯಿ ಪರ್ಲಿನಾ ಚರ್ಚಿನಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದಳು. ನ್ಯಾಟನಿಗೆ ಮೊದಲ ಗುರು ಆಕೆಯೇ. ಹನ್ನೆರಡನೆಯ ವಯಸ್ಸಿನವರೆಗೂ ಅವನು ತಾಯಿಯ ಕೈಯಲ್ಲಿಯೇ ಕಲಿತನು. ಅನಂತರ ಬೇರೆ ಗುರುಗಳಲ್ಲಿ ಯುರೋಪಿನ ಶಾಸ್ತ್ರೀಯ ಸಂಗೀತವನ್ನು, ಬಾಖನಿಂದ ಮೊದಲುಗೊಂಡು ರಾಖ್ಮಾನಿನೊಫನವರೆಗೆ, ಕ್ರಮವಾಗಿ ಅಭ್ಯಾಸ ಮಾಡಿದನು.

ಇಲ್ಲಿ ಪಿಯಾನೊವನ್ನು ಕುರಿತು ಎರಡು ಮಾತು ಹೇಳುವುದು ಉಚಿತ. ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಕೇಳುವ ಹಾರ್ಮೋನಿಯಮ್ಮಿನಲ್ಲಿ ತಿದಿಯ ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಹಾಗಲ್ಲ. ಅದರ 88 ಮನೆಗಳಲ್ಲಿ ಒಂದನ್ನು ಒತ್ತಿದರೆ, ಒಳಗೆ ಉಣ್ಣೆಯ ಮೆತ್ತೆ ಸುತ್ತಿದ ಸಣ್ಣ ಸುತ್ತಿಗೆಯೊಂದು ತಂತಿಯನ್ನು ಹೊಡೆಯುತ್ತದೆ. ಸ್ವರವು ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಬೆರಳು ಒರಟಾದರೆ ನಾದ ಗಡುಸು, ಬೆರಳು ಮೆತ್ತಗಾದರೆ ನಾದ ಮೆತ್ತಗೆ. ಈ ಗುಣದಿಂದಲೇ ಇಟಲಿಯವರು ಅದನ್ನು ಮೆಲ್ಲಗೆ-ಜೋರು ಎಂಬ ಅರ್ಥದ ಪಿಯಾನೊಫೋರ್ಟೆ ಎಂಬ ಹೆಸರಿನಿಂದ ಕರೆದರು. ಲೋಕವು ಬಳಕೆಯಲ್ಲಿ ಉಳಿಸಿಕೊಂಡುದು ಮೆಲ್ಲಗೆ ಎಂಬ ಅರ್ಧವನ್ನು ಮಾತ್ರ. ನಮ್ಮ ಕಥಾನಾಯಕನಿಗೆ ಒಪ್ಪುವ ವಾದ್ಯವೇ ಸರಿ.

ಆಗಿನ ಶಿಕಾಗೊ ಜಾಝ್ ಸಂಗೀತದ ತವರಾಗಿತ್ತು. ಜಾಝ್ ಎಂಬುದು ಅಮೆರಿಕದ ಕಪ್ಪು ಜನರು ತಮ್ಮ ಭಕ್ತಿಗೀತೆ, ದುಡಿಮೆಯ ಹಾಡು, ಬ್ಯಾಂಡಿನ ನಡಿಗೆ ಇವೆಲ್ಲವನ್ನೂ ಬೆಸೆದು ಕಟ್ಟಿದ ಸಂಗೀತ. ಅದರಲ್ಲಿ ಒಂದು ಹಾಡಿನ ಚೌಕಟ್ಟನ್ನು ಮುಂದಿಟ್ಟುಕೊಂಡು, ವಾದಕನು ಆ ಕ್ಷಣಕ್ಕೆ ತೋಚಿದ ಹೊಸ ಸ್ವರಸಂಚಾರಗಳನ್ನು ಹೆಣೆಯುತ್ತಾನೆ. ನಮ್ಮ ಸಂಗೀತದಲ್ಲಿ ಮನೋಧರ್ಮವೆಂದು ಹೇಳುವುದಕ್ಕೆ ಅದು ದೂರದ ನೆಂಟ. ಆ ನಗರದ ಗ್ರ್ಯಾಂಡ್ ಟೆರೇಸ್ ಎಂಬ ಸಭಾಗೃಹದಲ್ಲಿ ಅರ್ಲ್ ಹೈನ್ಸ್ ಎಂಬ ಮಹಾವಾದಕನು ರಾತ್ರಿಯೆಲ್ಲಾ ಪಿಯಾನೊ ನುಡಿಸುತ್ತಿದ್ದನು. ಒಳಗೆ ಹೋಗುವ ವಯಸ್ಸಾಗಲಿ ಹಣವಾಗಲಿ ಇಲ್ಲದ ಬಾಲಕ ನ್ಯಾಟನು ಹೊರಗಡೆ ನಿಂತು ಆ ವಾದನವನ್ನು ಕಿವಿಯಲ್ಲಿ ತುಂಬಿಕೊಳ್ಳುತ್ತಿದ್ದನು. ಹದಿನೈದರ ವಯಸ್ಸಿಗೇ ಅವನು ಶಾಲೆಯನ್ನು ಬಿಟ್ಟನು. ಇದನ್ನು ನಾವು ಮೆಚ್ಚಿ ಹೇಳುತ್ತಿಲ್ಲ. ಆದರೆ ಶಾಲೆ ಬಿಟ್ಟರೂ ಅವನು ಕಲಿಯುವುದನ್ನು ಬಿಡಲಿಲ್ಲ ಎಂಬುದನ್ನೂ ಹೇಳದೆ ಇರಲಾಗದು. 1936ರಲ್ಲಿ, ಹದಿನೇಳರ ಹರೆಯದಲ್ಲಿ, ಅಣ್ಣ ಎಡ್ಡಿಯ ಮೇಳದೊಡನೆ ಅವನ ಪಿಯಾನೊ ಮೊಟ್ಟಮೊದಲು ಗ್ರಾಮಫೋನ್ ತಟ್ಟೆಯನ್ನು ಸೇರಿತು.

ಅದರ ಬೆನ್ನಿಗೇ ಅವನು ಒಂದು ಸಂಗೀತ ನಾಟಕದ ತಂಡದೊಡನೆ ಊರೂರು ತಿರುಗಲು ಹೊರಟನು. ತಂಡವು ದೇಶದ ಪಶ್ಚಿಮದ ತುದಿಗೆ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಎಂಬ ಊರಿಗೆ, ಬಂದು ಮುಟ್ಟಿದಾಗ ದಿವಾಳಿಯಾಗಿ ಒಡೆದುಹೋಯಿತು. ನಮ್ಮ ಕಂಪೆನಿ ನಾಟಕಗಳ ನಟರು ಎಷ್ಟೋ ಸಲ ಪರಸ್ಥಳದಲ್ಲಿ ಕೈ ಬರಿದಾಗಿ ನಿಂತಂತೆ ನ್ಯಾಟನೂ ನಿಂತನು. ಮನೆ ಎರಡು ಸಾವಿರ ಮೈಲಿಯಾಚೆ ಇತ್ತು. ಅವನು ಹಿಂದಿರುಗಲಿಲ್ಲ. ಹತ್ತಿರದ ಲಾಸ್ ಏಂಜಲೀಸಿನಲ್ಲಿ ಸಿಕ್ಕಿದ ಪಿಯಾನೊವನ್ನು ನುಡಿಸಿ, ಸಿಕ್ಕಿದ ಕೂಲಿಯನ್ನು ಪಡೆದು ದಿನ ಕಳೆದನು.

1937ರಲ್ಲಿ ಅವನು ತನ್ನದೇ ಪುಟ್ಟ ಮೇಳವೊಂದನ್ನು ಕಟ್ಟಿದನು. ಗಿಟಾರಿಗೆ ಆಸ್ಕರ್ ಮೂರ್, ಬಾಸ್ ಎಂಬ ಆಳುದ್ದದ ತಂತೀವಾದ್ಯಕ್ಕೆ ವೆಸ್ಲಿ ಪ್ರಿನ್ಸ್, ಪಿಯಾನೊಗೆ ತಾನು, ಮೂವರೇ. ಕೋಲ್ ಎಂಬ ಅರಸನನ್ನು ಕುರಿತು ಇಂಗ್ಲಿಷ್ ಮಕ್ಕಳು ಹೇಳುವ ಹಳೆಯ ಪದ್ಯವೊಂದಿದೆ. ಅದರ ನೆನಪಿನಿಂದ ಈ ಯುವಕನ ಹೆಸರಿಗೂ ಕಿಂಗ್ ಎಂಬ ಬಿರುದು ಅಂಟಿಕೊಂಡಿತು. ಮೇಳವು ಕಿಂಗ್ ಕೋಲ್ ಟ್ರಯೊ ಎನಿಸಿತು.

ಅದು ದೊಡ್ಡ ಬ್ಯಾಂಡುಗಳ ಕಾಲ. ಹದಿನೈದು ಇಪ್ಪತ್ತು ಜನ ತುತ್ತೂರಿಗಳನ್ನು ಊದಿ, ಡ್ರಮ್ ಬಾರಿಸಿ, ಸಭಾಂಗಣವನ್ನು ನಡುಗಿಸುವುದೇ ಪದ್ಧತಿಯಾಗಿತ್ತು. ಕೋಲನ ಮೇಳದಲ್ಲಿ ಡ್ರಮ್ ಕೂಡ ಇರಲಿಲ್ಲ. ತಾಳದ ಭಾರವನ್ನು ಮೂವರೂ ಹಂಚಿಕೊಂಡು ಹೊರಬೇಕಾಗಿತ್ತು. ಒಬ್ಬನು ನುಡಿಸುವಾಗ ಉಳಿದಿಬ್ಬರು ಕಿವಿಗೊಟ್ಟು ಎಡೆ ಬಿಡಬೇಕಾಗಿತ್ತು. ಕೋಲನ ಬೆರಳುಗಳಿಗೆ ಬಹು ವೇಗವಿದ್ದರೂ ಅವನು ಅದನ್ನು ಮೆರೆಸಲಿಲ್ಲ. ಹತ್ತು ಸ್ವರಗಳಲ್ಲಿ ಹೇಳಬಹುದಾದುದನ್ನು ಮೂರು ಸ್ವರಗಳಲ್ಲಿ ಹೇಳಿ, ಮಿಕ್ಕುದನ್ನು ಮೌನಕ್ಕೆ ಒಪ್ಪಿಸುತ್ತಿದ್ದನು. ಹಿರಿಯ ವಾದಕ ಆರ್ಟ್ ಟೇಟಮ್, ಕಿರಿಯರಾದ ಆಸ್ಕರ್ ಪೀಟರ್ಸನ್ ಮೊದಲಾದವರು ಮುಂದೆ ಇದೇ ಬಗೆಯ ಮೂವರ ಮೇಳಗಳನ್ನು ಕಟ್ಟಿದರು. ಶಾಂತ ಜಾಝ್ ಎಂದು ಅನಂತರ ಹೆಸರಾದ ಶೈಲಿಗೆ ಈ ಮಿತವಾದ ವಾದನವು ಮೊದಲೇ ದಾರಿಯನ್ನು ಸವರಿಟ್ಟಿತ್ತು.

ತಂದೆಯ ಉಪದೇಶವೊಂದು ಮಗನಿಗೆ ಮೊದಲ ದೊಡ್ಡ ಜಯವನ್ನು ತಂದಿತು. ಚರ್ಚಿನಲ್ಲಿ ಎಡ್ವರ್ಡನು ಒಂದು ಜನಪದ ಕಥೆಯನ್ನು ಹೇಳುತ್ತಿದ್ದನು. ಹದ್ದೊಂದು ಪ್ರಾಣಿಗಳನ್ನು ಬೆನ್ನ ಮೇಲೆ ಏರಿಸಿಕೊಂಡು ಆಕಾಶವನ್ನು ತೋರಿಸುವೆನೆಂದು ಆಸೆ ಹುಟ್ಟಿಸಿ, ಮೇಲಿನಿಂದ ಕೆಡವಿ ತಿನ್ನುತ್ತಿತ್ತು. ಒಂದು ದಿನ ಕೋತಿಯ ಸರದಿ ಬಂದಿತು. ಕೋತಿಯು ತನ್ನ ಬಾಲವನ್ನು ಹದ್ದಿನ ಕೊರಳಿಗೆ ಬಿಗಿಯಾಗಿ ಸುತ್ತಿ, ನೆಟ್ಟಗೆ ಹಾರೆಂದು ಗದರಿಸಿತು. ನಮ್ಮ ಪಂಚತಂತ್ರದ ಮೊಸಳೆ ಮತ್ತು ಕೋತಿಯ ಕಥೆಯನ್ನು ಓದಿದವರಿಗೆ ಇದರ ಸ್ವಾರಸ್ಯ ಕೂಡಲೇ ತಿಳಿಯುವುದು. ಇದನ್ನು ಕೋಲನು ಹಾಡಾಗಿಸಿ 1943ರ ಕೊನೆಯಲ್ಲಿ ಕ್ಯಾಪಿಟಲ್ ಎಂಬ ಹೊಸ ಕಂಪೆನಿಗಾಗಿ ಹಾಡಿದನು. ಮರುವರ್ಷ ಅದು ದೇಶವನ್ನೆಲ್ಲಾ ವ್ಯಾಪಿಸಿತು.

ಅಲ್ಲಿಂದ ಮುಂದೆ ಜನರು ಕೇಳತೊಡಗಿದುದು ಅವನ ಕಂಠವನ್ನು. 1946ರ ಒಂದು ಘಟನೆಯನ್ನು ನೋಡಿರಿ. ಆ ವರ್ಷದ ಜೂನ್ ತಿಂಗಳಲ್ಲಿ ಕೋಲನು ಕ್ರಿಸ್ಮಸ್ಸಿನ ಹಾಡೊಂದನ್ನು ತನ್ನ ಮೂವರ ಮೇಳದೊಡನೆ ಮುದ್ರಿಸಿದನು. ಆಗಸ್ಟಿನಲ್ಲಿ ಅದೇ ಹಾಡನ್ನು ಪಿಟೀಲುಗಳನ್ನು ಕೂಡಿಸಿ ಮತ್ತೊಮ್ಮೆ ಮುದ್ರಿಸಿದನು. ಗೆದ್ದುದು ಎರಡನೆಯದು. 1950ರ 'ಮೋನ ಲೀಸ', 1951ರ 'ಅನ್‌ಫರ್ಗೆಟಬಲ್' ಮುಂತಾದ ಹಾಡುಗಳು ಬಂದ ಮೇಲೆ ಅವನು ಪಿಯಾನೊ ಪೀಠದಿಂದ ಎದ್ದು, ಧ್ವನಿವರ್ಧಕದ ಮುಂದೆ ಒಬ್ಬನೇ ನಿಲ್ಲುವ ಗಾಯಕನಾದನು. ಮೇಳವು ಕ್ರಮೇಣ ಕರಗಿತು. ಹಣ ಬಂದಿತು, ಹೆಸರು ಬಂದಿತು. ತಾಯಿ ಕಲಿಸಿದ ವಿದ್ಯೆ ಮಾತ್ರ ಮೂಲೆಗೆ ಸರಿಯಿತು. ಜಾಝ್ ರಸಿಕರಲ್ಲಿ ಅನೇಕರು ಇದಕ್ಕಾಗಿ ಅವನನ್ನು ಹಳಿದರು.

ಹೆಸರು ಬಂದ ಮಾತ್ರಕ್ಕೆ ಮರ್ಯಾದೆ ಬರಲಿಲ್ಲ. 1948ರಲ್ಲಿ ಕೋಲನು ತನ್ನ ಪತ್ನಿ ಮರಿಯಾಳೊಡನೆ ಲಾಸ್ ಏಂಜಲೀಸಿನ ಹ್ಯಾನ್‌ಕಾಕ್ ಪಾರ್ಕ್ ಎಂಬ ಸಿರಿವಂತರ ಬಡಾವಣೆಯಲ್ಲಿ ಮನೆಯನ್ನು ಕೊಂಡನು. ಅಲ್ಲಿಯ ಮನೆಗಳನ್ನು ಕಪ್ಪು ಜನರಿಗೆ ಮಾರಬಾರದೆಂದು ಹಳೆಯ ಕರಾರುಗಳಿದ್ದವು. ಅಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತ್ತು. ಕಾನೂನು ಬದಲಾಯಿತು, ನೆರೆಹೊರೆಯವರ ಮನಸ್ಸು ಬದಲಾಗಲಿಲ್ಲ. ಅಯೋಗ್ಯರಾದವರು ತಮ್ಮ ಬಡಾವಣೆಗೆ ಬರುವುದು ಬೇಡವೆಂದು ಅವರು ತಿಳಿಸಿದರು. ಕೋಲನು ಸಿಟ್ಟಾಗದೆ, ತನಗೂ ಅಂತಹವರು ಬೇಡವೆಂದೂ, ಅಂತಹವರು ಯಾರಾದರೂ ಕಣ್ಣಿಗೆ ಬಿದ್ದರೆ ದೂರು ಕೊಡುವವರಲ್ಲಿ ತಾನೇ ಮೊದಲಿಗನಾಗುವೆನೆಂದೂ ಉತ್ತರ ಕೊಟ್ಟನು. ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ದುರುಳರು ಬೈಗುಳವನ್ನು ಸುಟ್ಟು ಬರೆದರು. ಸಾಕಿದ ನಾಯಿಗೆ ವಿಷವಿಕ್ಕಿದರು. ಕೋಲನು ಮನೆಯನ್ನು ಬಿಡಲಿಲ್ಲ. ಬಾಳಿನ ಕೊನೆಯವರೆಗೂ ಅದೇ ಅವನ ಮನೆಯಾಗಿತ್ತು.

ಈ ಹಿನ್ನೆಲೆಯನ್ನು ನೆನಪಿನಲ್ಲಿಟ್ಟುಕೊಂಡು ನಾವು 1955ರ ಆ ತಟ್ಟೆಗೆ ಮರಳೋಣ. ಅದರ ವಾದ್ಯಸಂಯೋಜನೆ ನೆಲ್ಸನ್ ರಿಡ್ಲ್ ಎಂಬಾತನದು. ಮದುವೆಯ ಚಪ್ಪರದಲ್ಲಿ ನೂರು ಜನ ಒಟ್ಟಿಗೆ ಮಾತನಾಡಿದರೆ ಗದ್ದಲವಾಗುತ್ತದೆ. ಯಾರು ಯಾವಾಗ ಮಾತನಾಡಬೇಕು, ಯಾರು ಯಾವಾಗ ಸುಮ್ಮನಿರಬೇಕು ಎಂದು ಗೊತ್ತುಮಾಡುವ ಹಿರಿಯನೊಬ್ಬನಿದ್ದರೆ ಅದೇ ಸಭೆಯಾಗುತ್ತದೆ. ವಾದ್ಯಸಂಯೋಜಕನ ಕೆಲಸ ಅದು. ಪಿಟೀಲುಗಳು, ಕೊಳಲುಗಳು, ತುತ್ತೂರಿಗಳು ಇವುಗಳಲ್ಲಿ ಪ್ರತಿಯೊಂದಕ್ಕೂ ಅವನು ಸ್ವರಗಳನ್ನು ಬರೆದುಕೊಡುತ್ತಾನೆ. ತಟ್ಟೆಯ ಮೇಲೆ ಹೆಚ್ಚಾಗಿ ಅವನ ಹೆಸರನ್ನು ಯಾರೂ ಓದುವುದಿಲ್ಲ. 'ಮೋನ ಲೀಸ' ಹಾಡಿಗೆ ಸಂಯೋಜನೆಯನ್ನು ಬರೆದವನು ರಿಡ್ಲನೇ ಆದರೂ, ಕೀರ್ತಿಯು ಮೊದಲು ಬೇರೊಬ್ಬ ನಿರ್ದೇಶಕನ ಪಾಲಾಗಿತ್ತು. ನಿಜ ಗೊತ್ತಾದ ಮೇಲೆ ಕೋಲನು ರಿಡ್ಲನನ್ನೇ ಹತ್ತಿರಕ್ಕೆ ಕರೆದುಕೊಂಡನು. ಅವರ ಜೊತೆಗಾರಿಕೆ ಮುಂದೆ ಬಹುಕಾಲ ನಡೆಯಿತು.

ಆ ತಟ್ಟೆಯಲ್ಲಿರುವುವು 'ಏಪ್ರಿಲ್ ಇನ್ ಪ್ಯಾರಿಸ್', 'ಸ್ಟೆಲ್ಲಾ ಬೈ ಸ್ಟಾರ್‌ಲೈಟ್', 'ಟೀ ಫಾರ್ ಟೂ' ಮೊದಲಾದ, ಆಗ ಮನೆಮನೆಯಲ್ಲಿ ಗೊತ್ತಿದ್ದ ಹಾಡುಗಳ ಧಾಟಿಗಳು. ಮಾತಿಲ್ಲ, ಗಾಯಕನು ಹಾಡಬೇಕಾದ ಸ್ಥಳದಲ್ಲಿ ಪಿಯಾನೊ ಹಾಡುತ್ತದೆ. ಪಿಟೀಲುಗಳು ಮುಂಜಾನೆಯ ಮಂಜಿನಂತೆ ಸುತ್ತಲೂ ಹರಡಿಕೊಳ್ಳುತ್ತವೆ. ಅದರ ನಡುವೆ ಕೋಲನ ಬಲಗೈ ಒಂದೊಂದೇ ಸ್ವರವನ್ನು, ಹುಲ್ಲಿನ ತುದಿಯಲ್ಲಿ ಹನಿಯನ್ನು ಇಟ್ಟಂತೆ, ಇಡುತ್ತಾ ಹೋಗುತ್ತದೆ. ಮೇಳವು ದೊಡ್ಡದಾದರೂ ಎಲ್ಲಿಯೂ ಪಿಯಾನೊವನ್ನು ಮುಳುಗಿಸುವುದಿಲ್ಲ. ಪಿಯಾನೊ ಎಲ್ಲಿಯೂ ಮೇಳವನ್ನು ಮೀರಿ ಕೂಗುವುದಿಲ್ಲ. ಇಂತಹ ಸಂಗೀತವನ್ನು ಊಟದ ಹೊತ್ತಿಗೆ ತಕ್ಕ ಸಂಗೀತವೆಂದು ಹಗುರವಾಗಿ ಕಾಣುವವರೂ ಉಂಟು. ನಾವು ಆ ಮಾತನ್ನು ಒಪ್ಪುವುದಿಲ್ಲ. ಗಾಯಕನೆಂಬ ಕೀರ್ತಿಯಿಂದ ಬೇಕಾದಷ್ಟು ಗಳಿಸಬಹುದಾಗಿದ್ದ ಮನುಷ್ಯನು, ತಾಯಿಯಿಂದ ಬಂದ ವಿದ್ಯೆಯನ್ನು ಮೂಲೆಯಿಂದ ಎತ್ತಿ, ಧೂಳು ಒರೆಸಿ, ಮತ್ತೆ ಲೋಕದ ಮುಂದೆ ಇಟ್ಟ ಕೆಲಸವದು.

ಮರುವರ್ಷ ಆ ಬೆರಳುಗಳಿಗೆ ಪರೀಕ್ಷೆಯ ದಿನ ಬಂದಿತು. ಕೋಲನ ಹುಟ್ಟೂರಾದ ಮಾಂಟ್ಗೊಮರಿಯಲ್ಲಿ, ಬಸ್ಸಿನಲ್ಲಿ ಕಪ್ಪು ಜನರಿಗೆ ಬೇರೆ ಸ್ಥಳವೆಂಬ ನಿಯಮವನ್ನು ವಿರೋಧಿಸಿ, 1955ರ ಡಿಸೆಂಬರಿನಿಂದ ಸಾವಿರಾರು ಜನ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಅಲಬಾಮಾ ಸೀಮೆಯೆಲ್ಲಾ ಕಾದ ಬಾಣಲೆಯಂತಿತ್ತು. 1956ರ ಏಪ್ರಿಲ್ 10ರಂದು ಅದೇ ಸೀಮೆಯ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕೋಲನ ಕಚೇರಿ ಏರ್ಪಟ್ಟಿತ್ತು. ಅಲ್ಲಿಯ ಕಟ್ಟಳೆಯಂತೆ ಮೊದಲ ಕಚೇರಿ ಬಿಳಿಯರಿಗೆ, ಎರಡನೆಯದು ಕಪ್ಪು ಜನರಿಗೆ. ಮೊದಲ ಕಚೇರಿಯಲ್ಲಿ ಅವನು ಹಾಡುತ್ತಿದ್ದಾಗ, ವರ್ಣದ್ವೇಷಿಗಳ ಗುಂಪಿನ ಕೆಲವರು ಸಭಿಕರ ನಡುವಿನಿಂದ ಓಡಿಬಂದು ವೇದಿಕೆಗೆ ನುಗ್ಗಿ ಅವನನ್ನು ಕೆಡವಿದರು. ಅವನು ಪಿಯಾನೊ ಪೀಠದ ಮೇಲೆ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಪೊಲೀಸರು ದುಷ್ಕರ್ಮಿಗಳನ್ನು ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಕೋಲನು ಮತ್ತೆ ವೇದಿಕೆಗೆ ಬಂದಾಗ ಸಭಿಕರು ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ತಾನು ಅವರನ್ನು ಸಂತೋಷಪಡಿಸಲು ಮಾತ್ರ ಬಂದಿದ್ದುದಾಗಿಯೂ ಇನ್ನು ಮುಂದುವರಿಸಲು ಆಗದೆಂದೂ ಹೇಳಿ ಅವನು ಬೀಳ್ಕೊಂಡನು. ವೈದ್ಯರು ನೋಡಿದ ಅನಂತರ, ಅದೇ ರಾತ್ರಿ, ಕಪ್ಪು ಜನರ ಕಚೇರಿಯನ್ನು ನಡೆಸಿಕೊಟ್ಟನು.

ಪೆಟ್ಟಿಗಿಂತ ನೋವಿನದು ಮುಂದೆ ಬಂದಿತು. ಬೇರೆ ಬೇರೆ ಕೂರಿಸುವ ಸಭೆಗಳಲ್ಲಿ ಹಾಡಲು ಒಪ್ಪಿದ್ದೇ ತಪ್ಪೆಂದು ಅವನ ಜನಾಂಗದ ಪತ್ರಿಕೆಗಳೇ ಅವನನ್ನು ಟೀಕಿಸಿದವು. ಹಾಡುವುದಷ್ಟೇ ಗಾಯಕನ ಧರ್ಮವೆಂಬ ಅವನ ಭಾವನೆಯನ್ನು ಅವರು ಅಂಜುಬುರುಕುತನವೆಂದರು. ನಮಗೆ ತೋರುವಂತೆ ಟೀಕಿಸಿದವರ ಮಾತಿನಲ್ಲಿ ಸತ್ಯವಿತ್ತು. ಸೌಮ್ಯತೆ ಗುಣ, ಆದರೆ ಅನ್ಯಾಯದ ಕಟ್ಟಳೆಗೆ ಸೌಮ್ಯವಾಗಿ ತಲೆಬಾಗಿದರೆ ಆ ಕಟ್ಟಳೆಯೇ ಬೆಳೆಯುತ್ತದೆ. ಕೋಲನ ದೊಡ್ಡತನವೆಂದರೆ, ಅವನು ಹಟ ಹಿಡಿಯದೆ ಈ ಪಾಠವನ್ನು ಕಲಿತನು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್. ಎ. ಎ. ಸಿ. ಪಿ. ಎಂಬ ರಾಷ್ಟ್ರೀಯ ಸಂಘಕ್ಕೆ ಅವನು ಅದೇ ವರ್ಷ ಆಜೀವ ಸದಸ್ಯನಾದನು.

ಆ ವರ್ಷದ ನವೆಂಬರಿನಲ್ಲಿ ಎನ್. ಬಿ. ಸಿ. ದೂರದರ್ಶನ ಜಾಲವು ಅವನ ಹೆಸರಿನಲ್ಲಿಯೇ ವಾರಕ್ಕೊಂದು ಕಾರ್ಯಕ್ರಮವನ್ನು ಪ್ರಾರಂಭಿಸಿತು. ದೇಶದ ಹೆಸರಾಂತ ಕಲಾವಿದರು ಸ್ನೇಹಕ್ಕಾಗಿ ಅಲ್ಪ ಸಂಭಾವನೆ ಪಡೆದು ಅದರಲ್ಲಿ ಭಾಗವಹಿಸಿದರು. ಆದರೆ ಕಪ್ಪು ಕಲಾವಿದನ ಕಾರ್ಯಕ್ರಮಕ್ಕೆ ಜಾಹೀರಾತು ಕೊಟ್ಟರೆ ದಕ್ಷಿಣದ ಗಿರಾಕಿಗಳು ಮುನಿಯುವರೆಂದು ಹೆದರಿ, ರಾಷ್ಟ್ರಮಟ್ಟದ ಯಾವ ವ್ಯಾಪಾರ ಸಂಸ್ಥೆಯೂ ಅದರ ವೆಚ್ಚವನ್ನು ಹೊರಲು ಮುಂದೆ ಬರಲಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಕಾದ ಮೇಲೆ, 1957ರ ಡಿಸೆಂಬರಿನಲ್ಲಿ ಕೋಲನೇ ಅದನ್ನು ನಿಲ್ಲಿಸಿದನು. ಆ ಕಾರ್ಯಕ್ರಮವು ಪ್ರಾರಂಭವಾಗುವುದಕ್ಕೆ ಸ್ವಲ್ಪ ಮುಂಚೆಯೇ ಅವನು ಮತ್ತೆ ಸಣ್ಣ ಮೇಳವೊಂದನ್ನು ಸೇರಿಸಿ, ಪಿಯಾನೊದ ಮುಂದೆ ಕುಳಿತು, ಜಾಝ್ ರಸಿಕರು ಇಂದಿಗೂ ಕೊಂಡಾಡುವ 'ಆಫ್ಟರ್ ಮಿಡ್‌ನೈಟ್' ಎಂಬ ತಟ್ಟೆಯನ್ನು ಮುದ್ರಿಸಿದ್ದನು.

ಕೋಲನಿಗೆ ಒಂದು ದುರಭ್ಯಾಸವಿತ್ತು. ಅವನು ಬಿಡುವಿಲ್ಲದೆ ಸಿಗರೇಟು ಸೇದುತ್ತಿದ್ದನು. ಅದರಿಂದ ಕಂಠವು ತುಂಬಿ ಬರುವುದೆಂಬ ನಂಬಿಕೆ ಅವನಿಗಿತ್ತೆಂದು ಹೇಳುತ್ತಾರೆ. ಆ ನಂಬಿಕೆಯೇ ಅವನನ್ನು ತಿಂದಿತು. ಶ್ವಾಸಕೋಶದ ಅರ್ಬುದ ರೋಗದಿಂದ 1965ರ ಫೆಬ್ರವರಿ 15ರಂದು ಅವನು ತೀರಿಕೊಂಡನು. ವಯಸ್ಸು ನಲವತ್ತೈದು. ಮಗಳು ನ್ಯಾಟಲಿಗೆ ಆಗ ಹದಿನೈದು ವರ್ಷ. ಆಕೆಯೂ ಮುಂದೆ ಹೆಸರಾಂತ ಗಾಯಕಿಯಾದಳು; 1991ರಲ್ಲಿ ತಂದೆಯ ಹಳೆಯ ಧ್ವನಿಮುದ್ರಣಕ್ಕೆ ತನ್ನ ದನಿಯನ್ನು ಕೂಡಿಸಿ 'ಅನ್‌ಫರ್ಗೆಟಬಲ್' ಹಾಡನ್ನು ಮತ್ತೆ ಲೋಕಕ್ಕೆ ಕೇಳಿಸಿದಳು. 2015ರಲ್ಲಿ ಆಕೆಯೂ ತೀರಿಕೊಂಡಳು.

ವಿದ್ಯಾರ್ಥಿ ಮಿತ್ರರೇ, ನಗರದಲ್ಲಿ ಬೆಳೆಯುತ್ತಿರುವ ನಮಗೆ ಗಟ್ಟಿಯಾಗಿ ಕೂಗಿದವನ ಮಾತೇ ನಡೆಯುವುದೆಂಬ ಭ್ರಮೆ ಬೇಗನೆ ಹಿಡಿಯುತ್ತದೆ. ಎಂದಾದರೂ ಬಿಡುವಾದ ಸಂಜೆ, ಬೀದಿಯ ಸದ್ದು ಅಡಗಿದ ಮೇಲೆ, 1955ರ ಆ ಪಿಯಾನೊವನ್ನು ಕೇಳಿರಿ. ಈಗ ಅದು ದೊರೆಯುವುದು ಕಷ್ಟವಲ್ಲ. ಮೊದಲು ಕೇಳಿಸುವುದು ಪಿಟೀಲುಗಳ ಸೊಗಸು. ಎರಡನೆಯ ಸಲ ಕೇಳಿದಾಗ, ಆ ಸೊಗಸಿನ ನಡುವೆ ಅವಸರವಿಲ್ಲದೆ, ಅಂಜಿಕೆಯಿಲ್ಲದೆ ತನ್ನ ಸ್ಥಳದಲ್ಲಿ ಕುಳಿತಿರುವ ಮನುಷ್ಯನೊಬ್ಬನು ಕೇಳಿಸುತ್ತಾನೆ. ಮನೆಯ ಮುಂದೆ ಬೈಗುಳ ಬರೆದರೂ ಮನೆಯನ್ನು ಬಿಡದವನು ಅವನೇ. ಮರುವರ್ಷ ವೇದಿಕೆಯ ಮೇಲೆ ಕೆಡವಿದಾಗ, ಅದೇ ರಾತ್ರಿ ತನ್ನ ಜನರ ಮುಂದೆ ಮತ್ತೆ ನಿಂತವನೂ ಅವನೇ.